ಪ್ಲಾನ್ ತಪ್ಪಿದಾಗ: ಕುಂದುವಾಡ ಕೆರೆ ಏರಿ ಮೇಲೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಎದುರಿಗೆ ಸಿಗುವವರಲ್ಲಿ ಹಳೇ ವಿದ್ಯಾರ್ಥಿಗಳೇ ಜಾಸ್ತಿ. ಈಗ ಅವರಿಗೂ ನಲವತ್ತು, ನಲವತ್ತೈದು. "ಮೇಡಂ, ಒಂದ್ನಿಮಿಷ" ಅಂತ ಜೊತೆಗೆ ಹೆಜ್ಜೆ ಹಾಕುತ್ತಾರೆ. ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಒಂದೇ ಕಡೆ. ಅಂದುಕೊಂಡದ್ದು ಆಗಲಿಲ್ಲ, ಈಗ ಏನು ಮಾಡಲಿ? ಒಬ್ಬರ ಮಗನಿಗೆ ಸೀಟು ಸಿಕ್ಕಿಲ್ಲ. ಒಬ್ಬರ ಅಂಗಡಿ ನಡೆದಿಲ್ಲ. ಒಬ್ಬರಿಗೆ ಗೊತ್ತಾಗಿದ್ದ ಸಂಬಂಧ ಮುರಿದಿದೆ. ತಪ್ಪಿದ ಪ್ಲಾನನ್ನು ಬಿಡಿ, ಅನಿರೀಕ್ಷಿತವಾಗಿ ಬಂದದ್ದನ್ನು ಸ್ವಾಗತಿಸಿ ಅಂತ ನಾನು ಹೇಳುತ್ತೇನೆ. ನಡಿಗೆ ಮುಗಿಯುವುದರೊಳಗೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಪ್ಲಾನ್ ಬಿಡಿ ಅಂತೀರಲ್ಲ ಮೇಡಂ, ಹಾಗಾದ್ರೆ ಪ್ಲಾನೇ ಮಾಡಬಾರದಾ?

ಮಾಡಬೇಕು. ಟಿಪ್ಪಣಿ ಬರೆದುಕೊಳ್ಳದೆ ನಾನು ಒಂದು ಪಿರಿಯಡ್ಡೂ ಪಾಠ ಮಾಡಿದವಳಲ್ಲ. ಆದರೆ ಇಡೀ ಹೊಲಕ್ಕೆ ಒಂದೇ ಬೀಜ ಹಾಕಬಾರದು.

ಚಳ್ಳಕೆರೆ ತಾಲ್ಲೂಕಿನಲ್ಲಿ ನನ್ನ ಸೋದರಮಾವನ ಹೊಲ ಇದೆ. ಅದು ಶೇಂಗಾ ಸೀಮೆ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಅದೇ ದೊಡ್ಡದು. ಅದೂ ಯಾವಾಗ ಬೀಳುತ್ತದೆ ಅಂತ ಹೇಳುವ ಹಾಗಿಲ್ಲ. ಅಲ್ಲಿಯವರು ಶೇಂಗಾ ಬಿತ್ತುವಾಗ ಕೆಲವು ಸಾಲಿಗೊಮ್ಮೆ ಒಂದು ಸಾಲು ತೊಗರಿ ಹಾಕುತ್ತಾರೆ. ಕೆಲವರು ಹರಳು ಹಾಕುತ್ತಾರೆ, ಕೆಲವರು ಅಲಸಂದೆ. ಇದಕ್ಕೆ ಅಕ್ಕಡಿ ಸಾಲು ಅಂತ ಹೆಸರು. ಚಿಕ್ಕವಳಿದ್ದಾಗ ರಜೆಗೆ ಹೋದವಳು ಕೂರಿಗೆ ಹಿಂದೆ ನಡೆಯುತ್ತಾ ಕೇಳಿದ್ದೆ. "ಇದ್ಯಾಕೆ ಮಾವ, ಎಲ್ಲಾ ಶೇಂಗಾನೇ ಹಾಕಬಾರದಾ?" "ಶೇಂಗಾ ಕೈಕೊಟ್ರೆ ತೊಗರಿ ಕೈ ಹಿಡಿತೈತೆ ಕಣವ್ವ" ಅಂದರು.

ಆಮೇಲೆ ಪಾಠ ಮಾಡುವಾಗ ನನಗೇ ಅದರ ಕಾರಣ ಅರ್ಥವಾಯಿತು. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ಶೇಂಗಾ ಕಿತ್ತ ಮೇಲೂ ತೊಗರಿ ಗಿಡ ಹೊಲದಲ್ಲಿ ನಿಂತೇ ಇರುತ್ತದೆ. ಹಿಂಗಾರಿನಲ್ಲಿ ಒಂದೆರಡು ಮಳೆ ಬಂದರೆ ಹೂವು ಕಾಯಿ ಕಟ್ಟುತ್ತದೆ. ಮುಖ್ಯ ಬೆಳೆಯನ್ನು ಕೈಬಿಟ್ಟ ಮಳೆ ಪಕ್ಕದ ಸಾಲಿಗೆ ಸಿಗುತ್ತದೆ.

ಹಾಗಾಗಿ ಪ್ಲಾನ್ ಬಗ್ಗೆ ಕೇಳುವವರಿಗೆ ನಾನು ತಿರುಗಿಸಿ ಕೇಳುತ್ತೇನೆ. ನಿಮ್ಮ ಅಕ್ಕಡಿ ಸಾಲು ಯಾವುದು? ನನ್ನ ಒಬ್ಬ ವಿದ್ಯಾರ್ಥಿ ಸರ್ಕಾರಿ ನೌಕರಿ ಪರೀಕ್ಷೆಗೆ ಆರು ವರ್ಷ ಓದಿದ. ಖರ್ಚಿಗೆ ಅಂತ ಸಂಜೆ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ. ನೌಕರಿ ಆಗಲಿಲ್ಲ. ಇವತ್ತು ಅವನ ಮನೆ ನಡೆಸುತ್ತಿರುವುದು ಆ ನಾಲ್ಕು ಮಕ್ಕಳಿಂದ ಶುರುವಾದ ಟ್ಯೂಷನ್.

ಒಂದು ಪ್ಲಾನನ್ನು ಯಾವಾಗ ಬಿಡಬೇಕು ಅಂತ ಗೊತ್ತಾಗೋದು ಹೇಗೆ?

ಇದಕ್ಕೂ ನನಗೆ ಗುರು ಮಾವನೇ. ಮಳೆ ನಕ್ಷತ್ರ ಒಂದೊಂದೂ ಹದಿಮೂರು ಹದಿನಾಲ್ಕು ದಿನ ಇರುತ್ತದೆ. ಪುನರ್ವಸು, ಪುಷ್ಯ ಮಳೆಯವರೆಗೂ, ಅಂದರೆ ಜುಲೈ ಮುಗಿಯುವವರೆಗೂ ಅವರು ಶೇಂಗಾ ಬಿತ್ತಲು ಕಾಯುತ್ತಿದ್ದರು. ಅಷ್ಟರಲ್ಲಿ ಹದ ಮಳೆ ಬರದಿದ್ದರೆ ಆ ವರ್ಷ ಶೇಂಗಾ ಇಲ್ಲ. ಆಗಸ್ಟಿನಲ್ಲಿ ಎಷ್ಟೇ ಚೆನ್ನಾಗಿ ಮಳೆ ಬಂದರೂ ಮನಸ್ಸು ಬದಲಿಸುತ್ತಿರಲಿಲ್ಲ. ಆಗ ನವಣೆ. ಅದಕ್ಕೂ ತಡವಾದರೆ ಮಘೆ, ಹುಬ್ಬೆ ಮಳೆಗೆ ಹುರುಳಿ.

ಒಂದು ವರ್ಷ ನಾನು ಅಲ್ಲೇ ಇದ್ದೆ. ಬಿತ್ತನೆಗೆ ಅಂತ ಕಾಯಿ ಸುಲಿದು ಎರಡು ಮೂಟೆ ಬೀಜ ಇಟ್ಟಿದ್ದರು. ಮನೆಯವರೆಲ್ಲಾ ಜಗಲಿ ಮೇಲೆ ಕೂತು ರಾತ್ರಿ ಹನ್ನೊಂದರವರೆಗೆ ಸುಲಿದದ್ದು. ಹೆಬ್ಬೆರಳಿನ ಸಿಪ್ಪೆ ಎದ್ದಿತ್ತು. ಪುಷ್ಯ ಮಳೆ ಮುಗಿದ ದಿನ ಮಾವ ಹೊರಗೆ ಹೋಗಿ ಮುಗಿಲು ನೋಡಿದರು. ಒಳಗೆ ಬಂದು ಒಂದು ಮೂಟೆಯ ಬಾಯಿ ಬಿಚ್ಚಿದರು. ಅತ್ತೆಯ ಮುಂದೆ ಒಂದು ಮೊರದಷ್ಟು ಬೀಜ ಸುರಿದು, "ಹುರಿ" ಅಂದರು. ಅಷ್ಟೇ. ಅತ್ತೆ ಕಣ್ಣು ಒರೆಸಿಕೊಂಡು ಹುರಿದರು. ಅವತ್ತು ರಾತ್ರಿ ನಾವು ಮಕ್ಕಳು ಬೆಲ್ಲದ ಜೊತೆ ಹೊಟ್ಟೆ ತುಂಬಾ ತಿಂದೆವು. ಮಾರನೇ ದಿನ ಮಾವ ನವಣೆ ಬೀಜ ತರಲು ಹೋದರು.

ಗಡುವನ್ನು ಮುಂಚೆಯೇ ಹಾಕಿಕೊಳ್ಳಿ. ಮನಸ್ಸು ತಣ್ಣಗೆ ಇರುವಾಗ ಹಾಕಿಕೊಳ್ಳಿ. "ಈ ಅಂಗಡಿಗೆ ಎರಡು ವರ್ಷ ಕೊಡ್ತೀನಿ" ಅಂತ ಶುರುವಿನಲ್ಲೇ ಮನೆಯವರ ಮುಂದೆ ಹೇಳಿ. ಸಾಲ ಕುತ್ತಿಗೆಗೆ ಬಂದ ಮೇಲೆ ಕೂತು ಯೋಚಿಸಿದರೆ, "ಇನ್ನೊಂದು ತಿಂಗಳು ನೋಡೋಣ" ಅಂತಲೇ ಅನ್ನಿಸುತ್ತದೆ.

ಬಿಟ್ಟುಬಿಡೋದು ಅಂದ್ರೆ ಸೋತ ಹಾಗಲ್ವಾ?

ಈ ಪ್ರಶ್ನೆ ಕೇಳುವವರಲ್ಲಿ ಗಂಡಸರೇ ಜಾಸ್ತಿ. ಅವರಿಗೆ ನನ್ನ ಅಪ್ಪನ ಕಥೆ ಹೇಳುತ್ತೇನೆ.

ಅಪ್ಪ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ನಮ್ಮ ಓಣಿಗೆ ಮಿಲ್ಲಿನ ಸೈರನ್ನೇ ಗಡಿಯಾರ. ಅನ್ನಕ್ಕೆ ಇಡುವುದು, ಮಕ್ಕಳನ್ನು ಎಬ್ಬಿಸುವುದು ಎಲ್ಲಾ ಸೈರನ್ ಲೆಕ್ಕದಲ್ಲೇ ನಡೆಯುತ್ತಿತ್ತು. ಅಪ್ಪನ ಪ್ಲಾನ್ ಸರಳ. ನಿವೃತ್ತಿ ತನಕ ದುಡಿಯುವುದು, ಕೊನೆಗೆ ಬರುವ ಹಣದಲ್ಲಿ ಎರಡು ಅಂಕಣದ ಮನೆ ಕಟ್ಟುವುದು. ಆಮೇಲೆ ಊರಿನ ಮಿಲ್ಲುಗಳು ಒಂದೊಂದಾಗಿ ಮುಚ್ಚುತ್ತಾ ಬಂದವು. ನಾನು ಬಿಎಸ್ಸಿ ಕೊನೇ ವರ್ಷದಲ್ಲಿದ್ದಾಗ ಅಪ್ಪನ ಮಿಲ್ಲೂ ನಿಂತಿತು. ಅಪ್ಪನಿಗೆ ಆಗ ನಲವತ್ತೇಳು.

ಆರು ತಿಂಗಳು ಅಪ್ಪ ಪಾಳಿಯ ಹೊತ್ತಿಗೇ ಏಳುತ್ತಿದ್ದರು. ಅಮ್ಮನ ಕೈಲಿ ಬುತ್ತಿ ಕಟ್ಟಿಸಿಕೊಂಡು ಸೈಕಲ್ ಹತ್ತಿ ಹೋಗುತ್ತಿದ್ದರು. ಮಿಲ್ಲಿನ ಗೇಟಿನ ಎದುರು ಹುಣಸೆಮರದ ಕೆಳಗೆ ಕೂತು, ಬುತ್ತಿ ಬಿಚ್ಚಿ ಉಂಡು, ವಾಪಸ್ ಬರುತ್ತಿದ್ದರು. ಅಮ್ಮ ಏನೂ ಕೇಳುತ್ತಿರಲಿಲ್ಲ. ದಿನಾ ಬುತ್ತಿ ಕಟ್ಟುತ್ತಿದ್ದರು.

ಆಮೇಲೆ ಒಬ್ಬ ಗೆಳೆಯರು ಕರೆದರು ಅಂತ ಮಂಡಕ್ಕಿ ಭಟ್ಟಿಗೆ ಹೋಗತೊಡಗಿದರು. ದಾವಣಗೆರೆಯ ಭಟ್ಟಿಗಳನ್ನು ನೀವು ಒಳಗೆ ಹೋಗಿ ನೋಡಿದ್ದೀರಾ? ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡಿಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಾಕಿ ಹದಕ್ಕೆ ತರುತ್ತಾರೆ. ಕಾದ ಮರಳಿಗೆ ಅದು ಬಿದ್ದದ್ದೇ ತಡ, ಬೊಗಸೆಯಷ್ಟಿದ್ದದ್ದು ಬುಟ್ಟಿಯಷ್ಟಾಗುತ್ತದೆ. ಕೂಡಲೇ ಜರಡಿಗೆ ಬಾಚಬೇಕು, ಒಂದು ಉಸಿರು ತಡವಾದರೂ ಕರಕು. ನೂಲಿನ ಎಳೆ ಹಿಡಿದು ಅಭ್ಯಾಸವಾಗಿದ್ದ ಕೈ. ಮೊದಲ ವಾರ ಬರೀ ಕರಕೇ ಆಯಿತಂತೆ. ತಲೆ, ರೆಪ್ಪೆ ಎಲ್ಲಾ ಹೊಗೆ ಹಿಡಿದು ಮನೆಗೆ ಬರುತ್ತಿದ್ದರು. ಮೊದಲು ಸರಿಯಾಗಿ ಬಂದ ಮಂಡಕ್ಕಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ತಂದು ನನ್ನ ಕೈಗೆ ಕೊಟ್ಟರು. ಇನ್ನೂ ಬೆಚ್ಚಗಿತ್ತು. ಎರಡು ವರ್ಷದ ಮೇಲೆ ಸಂಜೆ ಹೊತ್ತು ಮಂಡಕ್ಕಿ ಮಿರ್ಚಿಯ ತಳ್ಳುಗಾಡಿ ಹಾಕಿದರು. ನನ್ನ ಬಿ.ಎಡ್. ಫೀಸು ಕಟ್ಟಿದ್ದು ಆ ಗಾಡಿಯ ದುಡ್ಡಿನಲ್ಲಿ.

"ಮಿಲ್ಲು ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂತ ಅಪ್ಪ ಕೊನೇವರೆಗೂ ಹೇಳುತ್ತಿದ್ದರು. ಆ ಮಾತನ್ನು ಅವರು ಬಿಡಬೇಕಾಗಿರಲಿಲ್ಲ. ಗೇಟಿನ ಎದುರು ಕೂರುವುದನ್ನು ಬಿಟ್ಟರು. ನನ್ನ ಲೆಕ್ಕದಲ್ಲಿ ಬಿಟ್ಟುಬಿಡುವುದು ಅಂದರೆ ಅದೇ.

ಬೇಜಾರು ಎಷ್ಟು ದಿನ ಇರುತ್ತೆ?

ದಿನ ಎಣಿಸಬೇಡಿ. ನನಗೆ ಮೈಸೂರಿಗೆ ಹೋಗಿ ಎಂಎಸ್ಸಿ ಮಾಡುವ ಆಸೆ ಇತ್ತು. ಅರ್ಜಿ ತರಿಸಿಟ್ಟುಕೊಂಡಿದ್ದೆ. ಮಿಲ್ಲು ನಿಂತ ಮೇಲೆ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮೈಸೂರಿಗೆ ಹೋದ ಗೆಳತಿಯ ಕಾಗದಕ್ಕೆ ಮೂರು ವರ್ಷ ಉತ್ತರ ಬರೆಯಲಿಲ್ಲ. ಅವಳದೇನೂ ತಪ್ಪಿರಲಿಲ್ಲ. ಅಳು ಬಂದರೆ ಅತ್ತುಬಿಡಿ. ನಿಮ್ಮ ದುಃಖವನ್ನು ಬೇರೆಯವರ ದುಃಖದ ಜೊತೆ ತೂಗಿ ನೋಡಬೇಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎರಡು ವಾರ ಕಳೆದರೂ ಊಟ, ನಿದ್ದೆ ಸರಿಯಾಗದಿದ್ದರೆ, ಅಥವಾ ಬದುಕಿರುವುದೇ ಬೇಡ ಅಂತ ಒಂದು ಸಲ ಅನ್ನಿಸಿದರೂ ಸುಮ್ನೆ ಇರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತೀರಿ ಅಲ್ವಾ, ಇದೂ ಹಾಗೇ.

ಮಗಳು ಸೆಕೆಂಡ್ ಪಿಯುಸಿಯಲ್ಲಿ ಫೇಲಾಗಿದ್ದಾಳೆ. ಮನೆಯಲ್ಲಿ ಯಾರೂ ಮಾತಾಡ್ತಿಲ್ಲ. ಏನ್ ಮಾಡ್ಲಿ?

ಮೊದಲು ಮಾತಾಡಿ. ನಮ್ಮದು ಕಾಲೇಜುಗಳ ಊರು. ಇಲ್ಲಿ ಮಗುವಿನ ಅಂಕವನ್ನು ಓಣಿಯವರೆಲ್ಲಾ ಕೇಳುತ್ತಾರೆ. ಆ ಭಾರವನ್ನು ಹದಿನೇಳು ವರ್ಷದ ಮಗು ಒಂದೇ ಹೊರುವುದು ಬೇಡ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಮೊದಲನೆಯದು ಹೋದರೆ ಎರಡನೆಯದು. ಬಾಗಿಲು ಮುಚ್ಚಿಲ್ಲ.

ಇವತ್ತು ರಾತ್ರಿ ಅವಳಿಗೆ ಇಷ್ಟದ ಅಡುಗೆ ಮಾಡಿ. ಪಕ್ಕದಲ್ಲಿ ಕೂತು ಬಡಿಸಿ. ಪರೀಕ್ಷೆಯ ಮಾತು ನಾಳೆ ಆಡಿದರಾಯಿತು.

"ಆಗೋದೆಲ್ಲಾ ಒಳ್ಳೇದಕ್ಕೇ" ಅಂತಾರಲ್ಲ, ನಿಜಾನಾ?

ಅಲ್ಲ. ನೋವಿನಲ್ಲಿ ಇರುವವರ ಮುಂದೆ ದಯವಿಟ್ಟು ಆ ಮಾತು ಹೇಳಬೇಡಿ.

ಹಿರಿಯೂರಿನ ಹತ್ತಿರ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ನಮ್ಮ ತಾಯಿ ಕಡೆಯವರಿಗೆ ಮನೆ ಇದ್ದ ಹಾಗೆ. ನಾವೆಲ್ಲಾ ಮಾರಿಕಣಿವೆ ಅಂತಲೇ ಕರೆಯುವುದು. ಮೈಸೂರು ಮಹಾರಾಜರ ಕಾಲದ ಅಣೆಕಟ್ಟು, ಕೆಲಸ ಮುಗಿದದ್ದು 1907ರಲ್ಲಿ. 130 ಅಡಿಗೆ ಕೋಡಿ ಬೀಳುತ್ತದೆ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಆಗ ನಮ್ಮಜ್ಜಿಗೆ ಹದಿಮೂರು ವರ್ಷ. ಗಾಡಿ ಕಟ್ಟಿಕೊಂಡು ಹೋಗಿ ನೋಡಿಬಂದಿದ್ದರಂತೆ. ಆಮೇಲೆ 89 ವರ್ಷ ಕೋಡಿಯೇ ಇಲ್ಲ. ಅಜ್ಜಿ ಕಥೆ ಹೇಳಿ ಹೇಳಿ ಹೋದರು. ನಮ್ಮ ಮನೆಯಲ್ಲಿ ಅದು ಒಂದು ಗಾದೆಯೇ ಆಯಿತು. ಏನಾದರೂ ಕೇಳಿದರೆ ಅಮ್ಮ, "ಮಾರಿಕಣಿವೆ ಕೋಡಿ ಬಿದ್ದ ದಿನ ಕೊಡಿಸ್ತೀನಿ" ಅನ್ನುತ್ತಿದ್ದರು. ಎಂದೂ ಇಲ್ಲ ಅಂತ ಅದರ ಅರ್ಥ.

ಕೆಲವು ವರ್ಷದ ಹಿಂದೆ ಕಣಿವೆ ತಳ ಕಾಣುವಷ್ಟು ಬತ್ತಿತ್ತು. 2022ರಲ್ಲಿ ಮಳೆ ಒಂದೇ ಸಮನೆ ಹೊಡೆಯಿತು. ಅಷ್ಟರಲ್ಲಿ ಭದ್ರೆಯ ನೀರನ್ನು ಎತ್ತಿ ವೇದಾವತಿಗೆ ಬಿಡುವುದೂ ಶುರುವಾಗಿತ್ತು. ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಜನ ಬಾಗಿನ ಹಿಡಿದುಕೊಂಡು ಓಡಿದರು. ನಾನೂ ಹೋಗಿ ನೀರು ಮುಟ್ಟಿ ಬಂದೆ. ಆದರೆ ಅದೇ ನೀರು ಹಿಂದಕ್ಕೆ ನಿಂತು ಹೊಸದುರ್ಗ ತಾಲ್ಲೂಕಿನ ಕಡೆ ತೋಟಗಳಿಗೆ ನುಗ್ಗಿತು. ಫಸಲಿಗೆ ಬಂದ ಅಡಿಕೆ ಮರ ನೀರಿನಲ್ಲಿ ನಿಂತದ್ದನ್ನು ನೋಡಿದವರಿಗೆ "ಒಳ್ಳೇದಕ್ಕೇ" ಅಂತ ಹೇಳಲು ಬಾಯಿ ಬರುತ್ತದಾ?

ಅಮ್ಮ ಅದನ್ನು ನೋಡಲಿಲ್ಲ. ಮೂರು ವರ್ಷ ಮುಂಚೆ ತೀರಿಕೊಂಡಿದ್ದರು. ಅದೂ ನನಗೆ ಒಳ್ಳೆಯದಕ್ಕೆ ಅನ್ನಿಸಿಲ್ಲ.

ಹಾಗಾದ್ರೆ ಹಣೆಬರಹ ಅಂತ ಸುಮ್ನೆ ಕೂರೋದಾ?

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವ ಗಾದೆಯನ್ನು ಜನ ಅರ್ಧವೇ ಕೇಳಿಸಿಕೊಳ್ಳುತ್ತಾರೆ. ಅದು ಶುರುವಾಗುವುದು "ತಾನೊಂದು ಬಗೆದರೆ" ಅಂತ. ಬಗೆಯುವ ಕೆಲಸ ನಮ್ಮದೇ.

ಅನಿರೀಕ್ಷಿತವನ್ನು ಸ್ವಾಗತಿಸಿ ಅಂತೀರಿ. ಏನ್ ಮಾಡಬೇಕು ಅಂತ ಬಿಡಿಸಿ ಹೇಳಿ.

ಒಂದು ಭಾನುವಾರ ಚಿತ್ರದುರ್ಗದ ಕೋಟೆಗೆ ಹೋಗಿ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನವೇ ಹೋಗಿ. ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಎಲ್ಲರೂ ಓಬವ್ವನ ಕಿಂಡಿ ನೋಡಲು ಓಡುತ್ತಾರೆ. ನಾನು ಹೊಂಡಗಳ ಹತ್ತಿರ ನಿಲ್ಲಿಸುತ್ತೇನೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಆಮೇಲೆ ಕೆಳಗೆ ಊರಿನ ಸಂತೆ ಹೊಂಡಕ್ಕೆ.

ಬಯಲುಸೀಮೆಯಲ್ಲಿ ಕಟ್ಟಿದ ಕಲ್ಲುಕೋಟೆ ಅದು. ಮಳೆ ಇಂಥ ದಿನವೇ ಬರುತ್ತದೆ ಅಂತ ಪಾಳೆಯಗಾರರಿಗೆ ಗೊತ್ತಿರಲಿಲ್ಲ. ಬಂದಾಗ ಬಂಡೆ ಮೇಲಿಂದ ಜಾರಿ ಹೋಗುತ್ತದೆ ಅನ್ನುವುದು ಗೊತ್ತಿತ್ತು. ಅದಕ್ಕೆ ಜಾಗ ಮಾಡಿಟ್ಟರು.

ನಮ್ಮ ಬದುಕಿನಲ್ಲೂ ಒಂದಿಷ್ಟು ಖಾಲಿ ಜಾಗ ಬೇಕು. ವಾರದಲ್ಲಿ ಒಂದು ಸಂಜೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಒಂದು ಹೆಚ್ಚಿನ ಚಾಪೆ ಇರಲಿ. ತಿಂಗಳ ದುಡ್ಡಿನಲ್ಲಿ ಸ್ವಲ್ಪವನ್ನು ಯಾವುದಕ್ಕೆ ಅಂತ ಹೆಸರಿಡದೆ ಎತ್ತಿಡಿ. ಫೋನ್ ಮಾಡದೆ ಬಂದ ನೆಂಟರ ಮುಂದೆ ಗಡಿಯಾರ ನೋಡಬೇಡಿ. ಜಾಗವೇ ಇಲ್ಲದಿದ್ದರೆ ಬಂದ ಒಳ್ಳೆಯದೂ ನೀರಿನ ಹಾಗೆ ಜಾರಿಹೋಗುತ್ತದೆ.

ನಮ್ಮ ಯಜಮಾನ್ರು ಎಲ್ಲದಕ್ಕೂ ಪಟ್ಟಿ ಬರೀತಾರೆ. ಒಂದು ತಪ್ಪಿದ್ರೂ ರೇಗ್ತಾರೆ. ಅವರನ್ನ ಹೇಗೆ ಬದಲಾಯಿಸಲಿ?

ಬದಲಾಯಿಸಲು ಹೋಗಬೇಡಿ. ನಮ್ಮ ಮನೆಯವರೂ ಹಾಗೇ ಇದ್ದರು. ಮಗಳ ಮದುವೆ 2020ರ ಮೇ ತಿಂಗಳಿಗೆ ಗೊತ್ತಾಗಿತ್ತು. ಛತ್ರ ಹಿಡಿದು, ಅಡುಗೆಯವರನ್ನು ಮಾತಾಡಿ, ಸಾವಿರ ಜನರ ಪಟ್ಟಿ ಬರೆದಿದ್ದರು. ಲಾಕ್‌ಡೌನ್ ಬಂತು. 50 ಜನ ಮೀರುವ ಹಾಗಿಲ್ಲ ಅಂತ ಆಯಿತು. ಛತ್ರದ ಮುಂಗಡವೂ ಪೂರ್ತಿ ವಾಪಸ್ ಬರಲಿಲ್ಲ. ಎರಡು ದಿನ ಅವರು ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ಅದೇ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು 1ರಿಂದ 50ರವರೆಗೆ ಅಂಕಿ ಹಾಕಿದರು. ಪಟ್ಟಿ ಬರೆಯುವ ಗುಣವೇ ಅವತ್ತು ನಮ್ಮನ್ನು ಕಾಪಾಡಿತು.

ಮನೆ ಮುಂದೆ ಚಪ್ಪರ ಹಾಕಿದೆವು. ಓಣಿಯವರು ತಮ್ಮ ತಮ್ಮ ಮಹಡಿ ಮೇಲೆ ನಿಂತು ಅಕ್ಷತೆ ಹಾಕಿದರು. ಮಗಳು ಇವತ್ತಿಗೂ ಅದನ್ನೇ ಹೇಳುತ್ತಾಳೆ, ಮೇಲಿಂದ ಅಕ್ಕಿಕಾಳು ಬೀಳುತ್ತಿತ್ತು ಅಂತ. ಅಚ್ಚು ಹಾಕಿಸಿದ ಲಗ್ನಪತ್ರಿಕೆಗಳು ನಾಲ್ಕು ಕಟ್ಟು ಉಳಿದವು. ಹಿಂಬದಿ ಖಾಲಿ ಇದೆ. ಕಿರಾಣಿ ಪಟ್ಟಿಯನ್ನು ನಮ್ಮ ಮನೆಯವರು ಈಗಲೂ ಅದರ ಮೇಲೇ ಬರೆಯುತ್ತಾರೆ.

ದುಡ್ಡಿನ ವಿಷಯದಲ್ಲೂ ಬಂದಿದ್ದು ಬರಲಿ ಅಂತ ಇರಬಹುದಾ?

ಬೇಡ. ಮಳೆ ನಮ್ಮ ಕೈಯಲ್ಲಿ ಇಲ್ಲ, ವಿಮೆ ಇದೆ. 2016ರಿಂದ ಇರುವ ಫಸಲ್ ಬಿಮಾದಲ್ಲಿ ಮುಂಗಾರಿನ ಆಹಾರ ಬೆಳೆಗೆ, ಎಣ್ಣೆಕಾಳಿಗೆ ರೈತರು ಕಟ್ಟಬೇಕಾದದ್ದು ವಿಮೆ ಮೊತ್ತದ ಶೇ. 2 ಮಾತ್ರ. ಹಿಂಗಾರಿಗೆ ಶೇ. 1.5. ಕೊನೇ ದಿನಾಂಕ ದಾಟಲು ಬಿಡಬೇಡಿ. ಆಸ್ಪತ್ರೆ ಖರ್ಚಿನ ವಿಮೆಗೂ ಇದೇ ಮಾತು. ಕೈಯಲ್ಲಿ ಆಗುವುದನ್ನು ಮಾಡಿದ ಮೇಲೆ ಆಗದ್ದನ್ನು ಬಿಡುವುದು ಸುಲಭ.

ಅಭ್ಯಾಸ ಮಾಡೋಕೆ ಸಣ್ಣದು ಏನಾದ್ರೂ ಇದೆಯಾ?

ನಾನು ಮಾಡುವುದನ್ನು ಹೇಳುತ್ತೇನೆ. ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡಿಗೆ ಹೋಗಿ, ಮೊದಲು ಹೊರಡುವ ಬಸ್ ಹತ್ತುತ್ತೇನೆ. ಒಂದು ಸಲ ಜಗಳೂರಿಗೆ ಹೋದೆ. ಒಂದು ಸಲ ಬರೀ ಹರಿಹರಕ್ಕೆ. ಒಂದು ಸಲ ಸಂತೇಬೆನ್ನೂರಿಗೆ. ಅಲ್ಲಿಯ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು, ನೀರಿನ ನಡುವಿನ ಮಂಟಪ ನೋಡುತ್ತಾ ಮಧ್ಯಾಹ್ನ ಕಳೆದೆ. ಅರವತ್ತು ವರ್ಷ ಇಷ್ಟು ಹತ್ತಿರ ಇದ್ದೂ ನೋಡಿರಲಿಲ್ಲ. ವಾಪಸ್ ಬಂದು ಬೆಣ್ಣೆ ದೋಸೆ ತಿಂದು ಮನೆಗೆ ಹೋದೆ. ದೋಸೆ ಮಾತ್ರ ಮುಂಚೆಯೇ ಗೊತ್ತು ಮಾಡಿಕೊಂಡಿರುತ್ತೇನೆ.

ನೀವು ಈಗಲೂ ಪ್ಲಾನ್ ಹಾಕ್ತೀರಾ ಮೇಡಂ?

ಹಾಕುತ್ತೇನೆ. ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಸೈಕಲ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದೆ. ಹೆಣ್ಣುಮಕ್ಕಳಿಗೆ ಯಾಕೆ ಅಂತ ಅಮ್ಮ ಬೇಡ ಅಂದರು. ಬಿಡದೆ ಕಾಡಿದಾಗ ಅದೇ ಮಾತು. "ಮಾರಿಕಣಿವೆ ಕೋಡಿ ಬಿದ್ದ ದಿನ ಕಲಿಯುವಂತೆ."

2022ರಲ್ಲಿ ಕೋಡಿ ಹತ್ತಿರ ನಿಂತಾಗ ಅದು ನೆನಪಾಯಿತು. ಆಗ ಇನ್ನೂ ನೌಕರಿ ಇತ್ತು, ಆಮೇಲೆ ನೋಡೋಣ ಅಂದುಕೊಂಡೆ. 2025ರ ಜನವರಿಯಲ್ಲಿ ಕಣಿವೆ ಮತ್ತೆ ಕೋಡಿ ಬಿತ್ತು. 89 ವರ್ಷ ಕಾಯಿಸಿದ್ದು ಎರಡೂವರೆ ವರ್ಷಕ್ಕೇ ವಾಪಸ್ ಬಂತು. ಆ ವಾರವೇ ಒಂದು ಸೈಕಲ್ ತಂದೆ.

ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿ ಕಲಿಸುತ್ತಿದ್ದಾಳೆ. ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಾಳೆ. "ಆಂಟಿ, ಚಕ್ರ ನೋಡಬೇಡಿ, ಮುಂದೆ ನೋಡಿ" ಅಂತ ಕೂಗುತ್ತಾಳೆ. ಮೊನ್ನೆ ಕೂಗು ಸ್ವಲ್ಪ ದೂರದಿಂದ ಕೇಳಿಸಿತು. ಯಾವಾಗಲೋ ಕೈ ಬಿಟ್ಟಿದ್ದಳು.